ಬೆನ್ನಿಗೆ ಬೆನ್ನು

೧೪ ಜೂನ್, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನಕುರುಳಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗಿಂತ ಅವರ ಮಂಡಿನೋವು ಇನ್ನೂ ಗಟ್ಟಿಮುಟ್ಟಾಗಿದೆ. ಗಡಿ ನದಿಯ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ನಿನಗೆ ಬರೆಯಬೇಕಿತ್ತು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಹೊಟ್ಟೆಕಿಚ್ಚಿತ್ತು ಕಣೇ. ಸ್ವಲ್ಪ ಆರಲಿ ಎಂದು ಕಾದೆ. ಆರುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಬರೆಯಲು ಕೂತೆ.

ಅವತ್ತು ನಿನ್ನ ಭಾವ ಟೀವಿ ಮುಂದಿನಿಂದ ಕೂಗಿದರು, "ಬೇಗ ಬಾರೇ, ನಿನ್ನ ತಂಗಿ ಮಂತ್ರಿಗಳ ಪಕ್ಕಾನೇ ಕೂತಿದ್ದಾಳೆ!" ಬಂದು ನೋಡಿದರೆ ನಿಜವೇ. ನಮ್ಮ ಪ್ರಯೋಗಾಲಯದಲ್ಲಿ ತೋಳೆಲ್ಲ ಆಸಿಡ್ ತೂತು ಬಿದ್ದ ಕೋಟಿನಲ್ಲಿ ಓಡಾಡುತ್ತಿದ್ದವಳು ಇಸ್ತ್ರಿ ಮಾಡಿದ ಸೂಟಿನಲ್ಲಿ! ಎದುರಿಗೆ ಮೈಕು, ಕಿವಿಯ ಹತ್ತಿರ ಅನುವಾದ ಉಸುರುವವಳು. "ಚಿಕ್ಕಮ್ಮ ರಾಯಭಾರಿ ಆಗ್ಬಿಟ್ಲಾ?" ಎಂದಳು ಮಗಳು. "ಇಲ್ಲಪ್ಪ, ವಿಜ್ಞಾನ ಸಲಹೆಗಾರ್ತಿ ಅಷ್ಟೆ" ಎಂದೆ. ಆ 'ಅಷ್ಟೆ' ಎಷ್ಟು ಹುಳಿಯಾಗಿತ್ತೆಂದು ನನಗೇ ಗೊತ್ತಾಯಿತು.

ವಿದೇಶಾಂಗ ಇಲಾಖೆ ವಿಜ್ಞಾನಿಗಳನ್ನು ಕರೆದಾಗ ಅರ್ಜಿ ಹಾಕಿದ್ದು ನಾವಿಬ್ಬರೂ. ಸಂದರ್ಶನದಲ್ಲಿ "ಈ ನದಿ ನೀರು ಕುಡೀಬಹುದಾ?" ಎಂದು ಕೇಳಿದರು. ನಾನು ಯಾವ ತಿಂಗಳು, ಎಷ್ಟು ಆಳ, ಯಾವ ದಡ ಎಂದು ಶುರು ಹಚ್ಚಿಕೊಂಡೆ. ಮುಗಿಯುವಷ್ಟರಲ್ಲಿ ಅವರ ಕಾಫಿ ಆರಿಹೋಗಿತ್ತು. ನೀನು "ಬೇಡಿ, ಕುಡೀಬೇಡಿ. ಯಾಕೆ ಅಂತ ಬೇಕಾದ್ರೆ ಹೇಳ್ತೀನಿ" ಎಂದೆಯಂತೆ. ಆಗಲೂ ಹೊಟ್ಟೆ ಉರಿಯಿತು. ಆದರೂ ನೀನು ಗೆದ್ದದ್ದು ನ್ಯಾಯವಾಗಿಯೇ.

ಈಗ ಮುಖ್ಯ ವಿಷಯ. ನಿನ್ನೆ ನಮ್ಮ ಪ್ರಯೋಗಾಲಯದ ನಿರ್ದೇಶಕರು ಕರೆಸಿದ್ದರು. ಇಲ್ಲಿಂದ ನೀನು ತೆಗೆದುಕೊಂಡ ರಜೆ ಈ ತಿಂಗಳಿಗೆ ಮುಗಿಯುತ್ತದೆ. "ವಾಪಸ್ ಬರ್ತಾರಾ, ಇಲ್ಲಾ ಆ ಜಾಗಕ್ಕೆ ಬೇರೆಯವರನ್ನ ತಗೊಳ್ಳೋದಾ? ನೀವೇ ಕೇಳಿ ಹೇಳಿ" ಎಂದರು. ವಿದೇಶಾಂಗ ಇಲಾಖೆಯವರು ನಿನ್ನನ್ನು ಬಿಡುವುದಿಲ್ಲವೆಂದು ಪೇಪರಿನಲ್ಲಿ ಓದಿದೆ. ನನ್ನ ಅಭಿಪ್ರಾಯ ಮಾತ್ರ ಕೇಳಬೇಡ. ನಮ್ಮ ನಿಯಮ ನೆನಪಿದೆಯಲ್ಲ? ಒಂದೇ ಬಾಟಲಿಯ ನೀರನ್ನು ಹಂಚಿಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ನಿಂತು ಉಪ್ಪಿನ ಅಂಶ ಅಳೆಯುವುದು. ಹನಿಹನಿಯಾಗಿ ದ್ರಾವಣ ಬಿಡುತ್ತ ಇಬ್ಬರ ನೀರೂ ಹಳದಿಯಿಂದ ಕೆಂಪಿಗೆ ತಿರುಗಿದ ಮೇಲೆ, ಎಷ್ಟು ದ್ರಾವಣ ಹಿಡಿಯಿತೆಂಬ ಅಂಕಿಯನ್ನು ಒಟ್ಟಿಗೇ ಹೇಳುವುದು. ಒಬ್ಬರು ಮೊದಲೇ ಹೇಳಿದರೆ ಇನ್ನೊಬ್ಬರ ಕಣ್ಣು ಆ ಕಡೆಗೇ ವಾಲುತ್ತದೆ. ಆದ್ದರಿಂದ ನಿನ್ನ ಉತ್ತರ ನೀನೇ ಕಂಡುಕೋ.

ಸಭೆ ಸಭೆ ಎಂದು ಊಟ ಬಿಡಬೇಡ. ಎಲ್ಲಿದ್ದರೂ ನಿನ್ನ ಮಾತು ನಡೆಯಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನನ್ನ ಹೊಟ್ಟೆಕಿಚ್ಚು ಮಂತ್ರಿಗಳ ಮೇಲೂ ಅಲ್ಲ, ಸೂಟಿನ ಮೇಲೂ ಅಲ್ಲ. ಸುದ್ದಿಯ ಕೊನೆಗೆ ಇನ್ನೊಂದು ದೃಶ್ಯ ತೋರಿಸಿದರು. ನದಿಯಲ್ಲಿ ಉಪ್ಪು ಎಷ್ಟಿದೆ ಎಂಬುದಕ್ಕೆ ಎರಡೂ ದೇಶದವರು ತಮ್ಮ ಅಂಕಿಯೇ ಸರಿ ಎಂದು ಹಟ ಹಿಡಿದು ಮಾತುಕತೆ ನಿಂತೇಹೋಗಿತ್ತಂತೆ. ನೀನು ನದಿಯ ದಡದಲ್ಲೇ ಮೇಜು ಹಾಕಿಸಿದೆ. ನೀನೂ ಆಚೆ ದೇಶದ ವಿಜ್ಞಾನಿಯೊಬ್ಬಳೂ ಬೆನ್ನಿಗೆ ಬೆನ್ನು ಕೊಟ್ಟು ಅಳೆದಿರಿ, ಒಟ್ಟಿಗೆ ಹೇಳಿದಿರಿ, ಒಂದೇ ಅಂಕಿ ಬಂತು. ಅವಳು ನಗುತ್ತ ತಲೆಯನ್ನು ಹಿಂದಕ್ಕೆ ಚಾಚಿ ನಿನ್ನ ಹೆಗಲಿಗೆ ಒರಗಿಸಿದಳು. ನೀನೂ ನಕ್ಕೆ. "ಇದು ನಿಮ್ಮಿಬ್ಬರದ್ದಲ್ವೇನೇ?" ಎಂದರು ನಿನ್ನ ಭಾವ. ನಾನು ಎದ್ದು ಅಡುಗೆಮನೆಗೆ ಹೋದೆ.

ನೀನು ಹೋದಾಗಿನಿಂದ ಪ್ರತಿ ಬಾಟಲಿಯನ್ನೂ ನಾನೊಬ್ಬಳೇ ಎರಡೆರಡು ಸಲ ಅಳೆಯುತ್ತಿದ್ದೇನೆ. ಎರಡನೆಯ ಸಲಕ್ಕೆ ಮೊದಲಿನ ಅಂಕಿ ಗೊತ್ತೇ ಇರುತ್ತದೆ. ಅದೂ ಒಂದು ಅಳತೆಯೇ?

ಈ ಒಂದು ಸಲ ನಿಯಮ ಮುರಿದು ನನ್ನದನ್ನು ಮೊದಲೇ ಹೇಳಿಬಿಡುತ್ತೇನೆ: ಬಾ. ನಿನ್ನದು ಬೇರೆ ಬಂದರೆ, ಎಂದಿನಂತೆ, ಇಬ್ಬರೂ ಇನ್ನೊಮ್ಮೆ ಅಳೆಯೋಣ.