ದೂಮಪ್ಪನ ಗದ್ದೆಯ ತೆನೆ

ಕಾಪು
13 ಸೆಪ್ಟೆಂಬರ್ 1979, ಗುರುವಾರ

ಪ್ರೀತಿಯ ಮೌರಿಸ್,

ಈ ಲಕೋಟೆಯಲ್ಲಿ ಐದು ಭತ್ತದ ಕಾಳುಗಳಿವೆ. ಹೊಸ ಅಕ್ಕಿಯ ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯವು. ಪ್ರತಿ ವರ್ಷದಂತೆ, ನಮ್ಮ ಗದ್ದೆಯವು, ಹಾಲಿನಲ್ಲಿ ಹಾಕಿ ತಿನ್ನಿ ಎಂದಷ್ಟೇ ಬರೆದು ಅಂಟಿಸಿಬಿಡುವವಳಿದ್ದೆ. ಹಾಗೆಯೇ ಬರೆಯಬೇಕೆಂದು ಮಾವ ಕೇಳಿಕೊಂಡಿದ್ದಾರೆ. ಆದರೆ ಇವು ನಮ್ಮ ಗದ್ದೆಯವಲ್ಲ. ನೆರೆಯ ದೂಮಪ್ಪನ ಗದ್ದೆಯವು.

ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ನಗಬೇಡಿ. ಕೊಂಕಣಿಯಲ್ಲಿ ನಮ್ಮಿಬ್ಬರ ಮಾತು ಜಗಳಕ್ಕೆ ತಿರುಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಹೆಡ್ ಮಿಸ್ಟ್ರೆಸ್‌ಗೆ ಕೊಟ್ಟ ರಜೆ ಅರ್ಜಿಯ ಹಾಗೆ ಕಾಣುತ್ತದೆ.

ಜೂನ್ ತಿಂಗಳಲ್ಲಿ, ಉಳುಮೆ ಸ್ವಲ್ಪ ತಡವಾಯಿತು ಎಂದಷ್ಟೇ ಬರೆದಿದ್ದೆ. ತಡವಾದದ್ದಲ್ಲ, ಅರ್ಧಕ್ಕೇ ನಿಂತುಹೋಯಿತು. ನೀವು ಕಳಿಸಿದ ಹಣದಲ್ಲಿ ಟಿಲ್ಲರ್ ಬಂದಾಗ ಕೋಣಗಳನ್ನು ಮಾರಿದೆವಲ್ಲ, ಆಗ ನನಗೂ ಸಂತೋಷವೇ ಆಗಿತ್ತು. ಬೆಳಿಗ್ಗೆ ಉಡುಪಿಯ ಬಸ್ಸು ಹತ್ತುವಾಗ ಸೀರೆಗೆ ಹಟ್ಟಿಯ ವಾಸನೆ ಇರುವುದಿಲ್ಲವಲ್ಲ ಎಂದುಕೊಂಡಿದ್ದೆ. ಉಳುವ ಕೆಲಸ ಹೋಯಿತೆಂದು ಕಿಟ್ಟ ಬೊಂಬಾಯಿಯ ಹೋಟೆಲಿಗೆ ಹೊರಟು ನಿಂತಾಗಲೂ, ಅವನ ಬೆನ್ನಿಗೆ ವಿಶ್ರಾಂತಿ ಸಿಕ್ಕಿತೆಂದೇ ಅಂದುಕೊಂಡೆ.

ಈ ಮಳೆಗಾಲಕ್ಕೆ ಟಿಲ್ಲರಿಗೆ ಡೀಸೆಲ್ ಇರಲಿಲ್ಲ. ಮಾವ ಕ್ಯಾನ್ ಹಿಡಿದುಕೊಂಡು ಹೆದ್ದಾರಿಯ ಬಂಕಿಗೆ ಹೋಗಿ ಅದೇ ಕ್ಯಾನಿನ ಮೇಲೆ ಕೂತು ಕಾಯುತ್ತಿದ್ದರು. ಸಾಲಿನಲ್ಲಿ ಲಾರಿಯವರು, ಬೋಟಿನವರು, ಎಲ್ಲರೂ. ಒಂದು ದಿನ ಯಾರೋ ನಿಮ್ಮ ಮಗ ಎಲ್ಲಿ ಎಂದು ಕೇಳಿದರಂತೆ. ಕುವೈಟಿನಲ್ಲಿ, ಎಣ್ಣೆ ಕಂಪೆನಿಯಲ್ಲಿ ಎಂದರಂತೆ ಇವರು. ಇಡೀ ಸಾಲು ನಕ್ಕಿತಂತೆ. ಮನೆಗೆ ಬಂದು ಖಾಲಿ ಕ್ಯಾನನ್ನು ಜಗಲಿಯಲ್ಲಿಟ್ಟು, "ಝೀಟಾ, ಅವನು ಸೆಂಟು ಕಳಿಸ್ತಾನೆ, ಟೇಪ್ ರೆಕಾರ್ಡರ್ ಕಳಿಸ್ತಾನೆ. ಒಂದು ಕ್ಯಾನ್ ಡೀಸೆಲ್ ಪಾರ್ಸೆಲ್ ಮಾಡ್ಲಿಕ್ಕೆ ಆಗ್ತದಾ ಕೇಳು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ದೂಮಪ್ಪನ ಕೋಣಗಳನ್ನು ಕೇಳಿದೆವು. ಕಳೆದ ರಜೆಯಲ್ಲಿ ನೀವು ನಮ್ಮ ಅಂಗಳದಲ್ಲಿ ನಿಂತು, ದೂಮಪ್ಪನ ಮನೆಯಲ್ಲಿ ಎರಡಲ್ಲ, ಮೂರು ಕೋಣ ಉಂಟು ಎಂದು ಎಲ್ಲರನ್ನೂ ನಗಿಸಿದ್ದು ಅವನ ಕಿವಿಗೂ ಬಿದ್ದಿತ್ತು. ಆದರೂ ಬರುವುದಿಲ್ಲ ಎನ್ನಲಿಲ್ಲ. ಮೊದಲು ತನ್ನ ಗದ್ದೆ, ಆಮೇಲೆ ಪೆರ್ಡೂರಿನ ಭಾವನದ್ದು, ಅದಾದ ಮೇಲೆ ನಿಮ್ಮದು ಎಂದ. ಅವನ ಸರದಿ ನಮ್ಮಲ್ಲಿಗೆ ಬರುವಷ್ಟರಲ್ಲಿ ನಾಟಿಗೆಂದು ಬೆಳೆಸಿದ್ದ ನೇಜಿ ಬಲಿತು ಹಳದಿಯಾಗಿತ್ತು. ಅದನ್ನು ಕಿತ್ತು ಅವನ ದನಕ್ಕೇ ಹಾಕಿದೆವು. ಯೂರಿಯಾ ಕೂಡ ಸೊಸೈಟಿಗೆ ಬಂದಿರಲಿಲ್ಲ, ಹಟ್ಟಿಯಲ್ಲಿ ಗೊಬ್ಬರವೂ ಇರಲಿಲ್ಲ. ನಮ್ಮ ರಸ್ತೆ ಬದಿಯ ಗದ್ದೆ ಬೆಳೆಯಿಲ್ಲದೆ ಹಡಿಲು ಬಿತ್ತು.

ನಿಮ್ಮ ಅಜ್ಜನ ಕಾಲದಿಂದಲೂ ಇಗರ್ಜಿಗೆ ಹಬ್ಬದ ತೆನೆ ಹೋಗುವುದು ಆ ಗದ್ದೆಯಿಂದಲೇ ಅಲ್ಲವೇ? ಪಾದ್ರಿಗಳು ಈ ಸಲವೂ ಹೇಳಿಕಳಿಸಿದರು. ಮಾವ ಇಲ್ಲವೆನ್ನಲಿಲ್ಲ. ಹಬ್ಬದ ಮುಂಜಾನೆ ಊರು ಏಳುವ ಮೊದಲೇ ದೂಮಪ್ಪನ ಗದ್ದೆಯಲ್ಲಿ ತಾವೇ ತೆನೆ ಕೊಯ್ದು, ತಲೆಯ ಮೇಲೆ ಹೊತ್ತು ಇಗರ್ಜಿಗೆ ತಲುಪಿಸಿದರು. ಮಕ್ಕಳು ಮಾತೆಗೆ ಹೂ ಹಾಕಿದರು, ಪಾದ್ರಿಗಳು ಮಾವನ ಹೆಸರೆತ್ತಿ ಆಲ್ಫೋನ್ಸರ ಗದ್ದೆಯ ತೆನೆ ಎಂದೇ ಹೇಳಿ ಆಶೀರ್ವದಿಸಿದರು. ನಾನು ಮಾವನ ಮುಖ ನೋಡಲಿಲ್ಲ. ಮಧ್ಯಾಹ್ನ ಎಲೆಯ ಮುಂದೆ ಕೂತು ಹೊಸ ಅಕ್ಕಿಯ ಕಾಳು ಹಂಚುವಾಗ ಅವರು ತಮ್ಮ ಎಲೆಗೆ ಹಾಕಿಕೊಳ್ಳಲಿಲ್ಲ. ಮರೆತರೆಂದು ನಾನು ನನಗೇ ಹೇಳಿಕೊಂಡೆ.

ತೆನೆಗೆ ದುಡ್ಡು ಕೊಡಹೋದರೆ ದೂಮಪ್ಪ ಮುಟ್ಟಲಿಲ್ಲವಂತೆ. "ತೆನೆಗೆ ಯಾರಾದರೂ ದುಡ್ಡು ತೆಗೊಳ್ತಾರಾ ಪೊರ್ಬುಗಳೇ? ಬರುವ ವರ್ಷ ನಮ್ಮ ಬಾಗಿಲಿಗೆ ಕಟ್ಟುವ ತೆನೆ ನಿಮ್ಮ ಗದ್ದೆಯಿಂದ ಬರಲಿ, ಅಷ್ಟೇ" ಎಂದನಂತೆ. ಮಾವ ಆಯಿತು ಎಂದು ಮಾತು ಕೊಟ್ಟು ಬಂದಿದ್ದಾರೆ.

ಅದಾಗಿ ಎರಡು ದಿನಕ್ಕೆ ನಿಮ್ಮ ಪತ್ರ ಬಂತು. ಹಂಚಿನ ಕಾರ್ಖಾನೆಗೆ ಆವೆಮಣ್ಣು ಕೊಡಿಸುವ ಮ್ಯಾಕ್ಸಿಮ್ ನಿಮಗೇ ನೇರವಾಗಿ ಬರೆದಿದ್ದಾರೆ, ನೀವೂ ಒಪ್ಪಿದ್ದೀರಿ. ಮಳೆ ನಿಂತ ಮೇಲೆ ರಸ್ತೆ ಬದಿಯ ಗದ್ದೆಯ ಮಣ್ಣು ತೆಗೆಯಲಿ, ಭತ್ತ ಬೆಳೆದು ಯಾರು ಉದ್ಧಾರವಾದರು, ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಅಪ್ಪನಿಗೆ ಓದಿ ಹೇಳಿ ಸಹಿ ಹಾಕಿಸು ಎಂದು ಬರೆದಿದ್ದೀರಿ. ಆರೋಗ್ಯದ ವಿಷಯವನ್ನು ಮಾವನಿಗೆ ಓದಿ ಹೇಳಿದೆ. ಈ ಸಾಲುಗಳನ್ನು ಓದಲಿಲ್ಲ.

ತೆನೆ ನಮ್ಮದೇ ಎಂದು ಬರೆದಿದ್ದರೆ ನನಗೆ ಅನುಕೂಲವಿತ್ತು. ಬೆಳೆ ಕೊಡುವ ಗದ್ದೆಯನ್ನು ಯಾಕೆ ಅಗೆಸುತ್ತೀರಿ ಎಂದು ಕೇಳಬಹುದಿತ್ತು. ಈಗ ಬೆಳೆ ಇಲ್ಲವೆಂದು ನಾನೇ ಹೇಳಿದ್ದೇನೆ. ಆದರೂ ಕೇಳುತ್ತೇನೆ.

ಪೆಟ್ರೋಲಿಯಂ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಅದು ಹುಟ್ಟಲು ಎಷ್ಟು ಯುಗ ಬೇಕೆಂದು ಬೋರ್ಡಿನ ಮೇಲೆ ಬರೆಯುವಾಗ ಬೆಲ್ಲು ಹೊಡೆಯುತ್ತದೆ. ಮುಗಿದ ಮೇಲೆ ಏನು ಎಂಬುದು ಪುಸ್ತಕದಲ್ಲಿಲ್ಲ. ನಾನೂ ಯೋಚಿಸಿದವಳಲ್ಲ. ಈ ವರ್ಷ ಅದು ಮುಗಿದಿರಲಿಲ್ಲ, ನಮ್ಮ ತನಕ ಬರಲಿಲ್ಲ ಅಷ್ಟೇ. ಅಷ್ಟಕ್ಕೇ ನಮ್ಮ ಮನೆಯಲ್ಲಿ ಒಂದು ತೆನೆ ಇಲ್ಲದೆ ಹೋಯಿತು. ಅಂಗಡಿಯ ಅಕ್ಕಿಯೂ ಲಾರಿಯಲ್ಲೇ ಬರುವುದಲ್ಲವೇ? ಅಲ್ಲಿ ಎಣ್ಣೆ ಬತ್ತಿದ ದಿನ ನೀವು ಬರುವುದು ಇಲ್ಲಿಗೇ. ಬಂದಾಗ ರಸ್ತೆ ಬದಿಯಲ್ಲಿ ಒಂದು ಹೊಂಡ ಇರುತ್ತದೆ. ಹಡಿಲು ಗದ್ದೆಯನ್ನು ಮತ್ತೆ ಉಳಬಹುದು, ಹೊಂಡವನ್ನು ಉಳುವವರು ಯಾರು?

ಕೋಣಗಳೇ ಪರಿಹಾರವೆಂದು ನಾನು ಹೇಳುತ್ತಿಲ್ಲ. ಮಾವನ ಮೊಣಕಾಲು ಏನಾಗಿದೆಯೆಂದು ನೋಡಿದ್ದೇನೆ. ಕಿಟ್ಟನಿಗೆ ಬರೆದೆ, ಉತ್ತರವಿಲ್ಲ. ಯಾರು ಉಳುತ್ತಾರೆ, ಯಾರು ನೆಡುತ್ತಾರೆ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವಾಗ ಮಣ್ಣು ಅಲ್ಲಿಯೇ ಇರಲಿ ಎನಿಸುತ್ತದೆ. ಇನ್ನೊಮ್ಮೆ ಯೋಚಿಸಿ ಬರೆಯಿರಿ.

ಕಾಳುಗಳನ್ನು ತಿನ್ನಿ. ದೂಮಪ್ಪನದ್ದೆಂದು ಬಿಡಬೇಡಿ.

ನಿಮ್ಮ
ಝೀಟಾ

ತಾ.ಕ.: ಯೋಚಿಸಿ ಬರೆಯಿರಿ ಎಂದೆ. ನಿಮ್ಮ ಉತ್ತರ ಏನೇ ಇರಲಿ, ತಡವಾಗಿರುತ್ತದೆ. ಮ್ಯಾಕ್ಸಿಮ್ ಸಹಿಗಾಗಿ ಸೋಮವಾರ ಬರುತ್ತಾರೆ. ಇಲ್ಲವೆಂದು ಹೇಳಿ ಕಳಿಸಲು ಶಾಲೆಗೆ ರಜೆ ಹಾಕಿದ್ದೇನೆ. ಇಪ್ಪತ್ತು ವರ್ಷಗಳಲ್ಲಿ ನಿಮ್ಮನ್ನು ಕೇಳದೆ ನಾನು ಏನನ್ನೂ ಮಾಡಿಲ್ಲ. ಇದನ್ನು ಕೇಳಿದರೆ ನೀವು ಬೇಡವೆನ್ನುತ್ತೀರಿ. ಆದ್ದರಿಂದ ಈ ಪತ್ರವನ್ನು ಪೋಸ್ಟ್ ಮಾಡುವುದು ಮಂಗಳವಾರ, ಸೆಪ್ಟೆಂಬರ್ 18ಕ್ಕೆ.