ಕೆಳಗಿನ ಸಾಲಿನ ಖಾಲಿ ಚೌಕ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಮಾತಿನಮಲ್ಲಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಯಾವುದೋ ಮಗು ಬರೆದಿದೆ ಅಂದುಕೊಂಡೆಯಾ? ನಿಮ್ಮಮ್ಮನೇ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಗಾಬರಿಯಾಗಬೇಡ, ಮೂಳೆ ಕೂಡಿಕೊಳ್ಳುತ್ತದಂತೆ. ಇಸ್ತ್ರಿ ಅಂಗಡಿಯ ಮಾಲೀಕ ಸದ್ಯ ಬರುವುದು ಬೇಡ ಎಂದು ಹೇಳಿ ಕಳಿಸಿದ. ಇಷ್ಟು ವರ್ಷ ಜ್ವರ ಬಂದರೂ ರಜೆ ಕೊಡದ ಪುಣ್ಯಾತ್ಮ ಈಗ ವಿಶ್ರಾಂತಿ ತಗೊಳ್ಳಿ ಅನ್ನುತ್ತಾನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಕನ್ನಡಕ ತೋರಿಸುತ್ತಿದ್ದೇನೆ, ಆಮೇಲೆ ಮಾಡುತ್ತೇನೆ ಅನ್ನುತ್ತೀಯ. ನಾನು ಅಳುವುದಕ್ಕೆ ಶುರು ಮಾಡುತ್ತೇನೆ. ಇಬ್ಬರಿಗೂ ಒಳ್ಳೆಯದಲ್ಲ. ಕಾಗದದಲ್ಲಾದರೆ ನಾನು ಅತ್ತದ್ದು ನಿನಗೆ ಕೇಳಿಸುವುದಿಲ್ಲ, ನೀನು ಮುಖ ಊದಿಸಿಕೊಂಡದ್ದು ನನಗೆ ಕಾಣುವುದಿಲ್ಲ.

ಒಂದೇ ಒಂದು ಕೆಲಸ ಆಗಬೇಕು, ಅದಕ್ಕೇ ಬರೆದೆ. ನಿನ್ನ ದನಿ ಬೇಕು. ನೀನು ಬರಬೇಕಾಗಿಲ್ಲ. ನಿನ್ನ ಕೋಣೆಯಲ್ಲಿ ಕೂತು ಫೋನಿನಲ್ಲಿ ಕೆಲವು ಪದ ಹೇಳಿ ಪುಟ್ಟಿಯ ಟೀಚರ್‌ಗೆ ಕಳಿಸಿದರೆ ಸಾಕು.

ಪುಟ್ಟಿಯ ಮಾತಿನ ಪೆಟ್ಟಿಗೆ ಹಾಳಾಯಿತು. ನೆನಪಿದೆಯಲ್ಲ, ಮಾತು ಬಾರದ ನಿನ್ನ ತಂಗಿಯನ್ನು ಮೊದಲು ಶಾಲೆಗೆ ಸೇರಿಸಿದಾಗ ಕೊಟ್ಟದ್ದು, ಚೌಕ ಚೌಕದಲ್ಲಿ ಚಿತ್ರ ಅಂಟಿಸಿದ್ದು, ಒತ್ತಿದರೆ ಮಾತಾಡುವಂಥದ್ದು. ಮಗುವಿಗೆ ಹೊಂದುವ ಹುಡುಗಿ ದನಿ ಬೇಕು ಎಂದು ದೊಡ್ಡ ಟೀಚರ್ ಹೇಳಿದಾಗ ಇಡೀ ಮನೆಯಲ್ಲಿ ಬಾಯಿ ಮುಚ್ಚದವಳು ನೀನೊಬ್ಬಳೇ ಅಂತ ನಿನ್ನನ್ನು ಕೂರಿಸಿದ್ದೆವು. ‘ಸಾಕು’ ಅನ್ನುವಾಗ ನಿಮ್ಮಪ್ಪ ಸೀನಿದರು, ನೀನು ನಕ್ಕುಬಿಟ್ಟೆ, ಟೀಚರ್ ಅದನ್ನೇ ಇರಲಿ ಅಂದರು. ಅಂದಿನಿಂದ ಪುಟ್ಟಿ ಎಷ್ಟು ಸಿಟ್ಟಿನಲ್ಲಿ ಒತ್ತಿದರೂ ಆ ಪೆಟ್ಟಿಗೆ ನಗುನಗುತ್ತಲೇ ಸಾಕು ಅನ್ನುತ್ತಿತ್ತು. ತಟ್ಟೆ ಎಸೆದು ಸಾಕು ಎಂದು ನಕ್ಕರೆ ಯಾರು ತಾನೇ ಬೈಯುತ್ತಾರೆ?

ನೀನು ಮನೆ ಬಿಟ್ಟು ಹೋದ ಮೇಲೆ ನಿನ್ನ ಹೆಸರೆತ್ತಬಾರದು ಎಂದು ನಿಮ್ಮಪ್ಪ ಕಟ್ಟಪ್ಪಣೆ ಮಾಡಿದರು. ದೊಡ್ಡ ಯಜಮಾನಿಕೆ! ಆದರೆ ಪ್ರತಿ ಊಟಕ್ಕೂ ನಿನ್ನ ದನಿಯೇ ನೀರು ಕೇಳುತ್ತಿತ್ತು. ಲಿಫ್ಟ್ ರಿಪೇರಿ ಮುಗಿಸಿ ಅವರು ಸಂಜೆ ಬಾಗಿಲಿಗೆ ಬಂದರೆ ಪುಟ್ಟಿ ಪೆಟ್ಟಿಗೆ ಒತ್ತುತ್ತಿದ್ದಳು, ನೀನು ‘ಅಪ್ಪ ಬಾ’ ಅನ್ನುತ್ತಿದ್ದೆ. ಮೊದಮೊದಲು ಸದ್ದು ಕಡಿಮೆ ಮಾಡು ಎಂದು ನನ್ನ ಮೇಲೆ ರೇಗುತ್ತಿದ್ದರು. ಆಮೇಲೆ ರೇಗುವುದು ನಿಂತಿತು. ಚಪ್ಪಲಿ ಬಿಡುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕು ಎಂದು ನಾನೂ ಕೇಳಲಿಲ್ಲ.

ಪೆಟ್ಟಿಗೆ ಹೋದದ್ದು ಶಾಲೆಯಲ್ಲಿ. ಕೈ ತೊಳೆಯುವ ತೊಟ್ಟಿಗೆ ಜಾರಿ ಬಿತ್ತು, ಯಾರ ತಪ್ಪೂ ಅಲ್ಲ. ನಿಮ್ಮಪ್ಪ ಸ್ಕ್ರೂಡ್ರೈವರ್ ಹಿಡಿದು ಕೂತರು. ಎಷ್ಟೋ ಲಿಫ್ಟುಗಳನ್ನು ಮೇಲೆತ್ತಿದ ಕೈಗೆ ಆ ಅಂಗೈಯಗಲದ ಪೆಟ್ಟಿಗೆ ಬಗ್ಗಲಿಲ್ಲ. ಅದನ್ನು ರಿಪೇರಿ ಅಂಗಡಿಗೆ ತಗೊಂಡು ಹೋದರು, ಅಲ್ಲಿಂದ ಇನ್ನೊಂದು ಅಂಗಡಿಗೆ. ಪೆಟ್ಟಿಗೆ ಬೇಕಾದ್ರೆ ಹೊಸದು ಸಿಗತ್ತೆ ಸಾರ್, ಒಳಗಿರೋ ದನಿ ಸಿಗಲ್ಲ ಅಂದನಂತೆ ಅಂಗಡಿಯವನು. ಬಂದು ಅಷ್ಟು ಹೇಳಿ ದೀಪ ಹಾಕದೆ ಕೂತುಬಿಟ್ಟರು.

ಶಾಲೆಯವರು ಹೊಸ ಪೆಟ್ಟಿಗೆ ಕೊಟ್ಟರು. ನಾನೇ ಕೂತು ಎಲ್ಲ ಪದ ಹೇಳಿದೆ. ಮುದ್ದು ಮುದ್ದಾಗಿ, ಜೇನು ಸುರಿಸಿ ಹೇಳಿದೆ. ಮರುದಿನ ತರಗತಿಯಲ್ಲಿ ಪುಟ್ಟಿ ನೀರು ಅಂತ ಒತ್ತಿದಳು. ನನ್ನ ದನಿ ಬಂತು. ಅವಳು ಪೆಟ್ಟಿಗೆಯ ಹಿಂದೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ಅದನ್ನು ಮೇಜಿನ ತುದಿಯವರೆಗೆ ತಳ್ಳಿ ಕಿವಿ ಮುಚ್ಚಿಕೊಂಡಳು.

ಟೀಚರ್ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಆ ಕೋಣೆ ನಿನಗೆ ಗೊತ್ತು, ಗೋಡೆ ಬೋಳು, ನೆಲಕ್ಕೆ ಮೆತ್ತೆ, ಸೂರಿನಿಂದ ಉಯ್ಯಾಲೆ, ಗುಂಯ್‌ಗುಡುತ್ತದೆ ಎಂದು ಟ್ಯೂಬ್‌ಲೈಟ್ ತೆಗೆಸಿದ್ದಾರೆ. ಅದು ನಿಮ್ಮ ದೊಡ್ಡ ಮಗಳ ದನಿ ಅಂತ ನೀವು ಅಂದ್ಕೊಂಡಿದೀರ, ಆದ್ರೆ ಪುಟ್ಟಿಗೆ ಅದು ಪುಟ್ಟಿ ದನಿ, ಇಷ್ಟು ವರ್ಷ ಅವಳು ಅದರಲ್ಲೇ ಮಾತಾಡಿದಾಳೆ ಅಂದರು. ಈಗ ಅವಳು ಬಾಯಿ ತೆಗೆದರೆ ಬೇರೆ ಯಾರೋ ಮಾತಾಡುತ್ತಾರಲ್ಲ, ಹೆದರಿಕೆ ಆಗಲ್ವಾ ಎಂದು ಕೇಳಿದರು. ನಿನ್ನ ಗಂಟಲು ತನ್ನದೆಂದೇ ಅವಳು ಬೆಳೆದಿದ್ದಾಳೆ. ನಮಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ಅವಳು ಏನೂ ಕೇಳುವುದಿಲ್ಲ. ಬಾಯಾರಿದರೂ ಕೇಳುವುದಿಲ್ಲ. ನಾವೇ ಲೋಟ ತುಟಿಗೆ ಹಿಡಿಯಬೇಕು, ಹಿಡಿದರೆ ಕೆಲವು ಸಲ ಕುಡಿಯುತ್ತಾಳೆ, ಕೆಲವು ಸಲ ಲೋಟ ಗೋಡೆಗೆ ಹೋಗುತ್ತದೆ. ಹೊಟ್ಟೆ ನೋವೋ ತಲೆ ನೋವೋ ಹೇಳಲಾಗದೆ ಹಣೆಯನ್ನು ಬಾಗಿಲಿಗೆ ಬಡಿಯುತ್ತಾಳೆ. ನಿಮ್ಮಪ್ಪ ಬಾಗಿಲಿಗೆ ಹಳೆಯ ದಿಂಬು ಕಟ್ಟಿದ್ದಾರೆ. ಅವಳು ದಿಂಬಿಲ್ಲದ ಜಾಗ ಹುಡುಕುತ್ತಾಳೆ. ಶಾಲೆಯಲ್ಲಿ ಕುರ್ಚಿಯ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು, ಅದನ್ನು ಪಾದದಿಂದ ತಳ್ಳುತ್ತ ಹಾಯಾಗಿ ಕೂರುತ್ತಿದ್ದವಳು ಈಗ ಶೂ ಇಡುವ ಗೂಡಿನ ಪಕ್ಕ ಮುದುಡಿರುತ್ತಾಳೆ. ಹೋದ ವಾರ ಟೀಚರ್ ಕೈ ಕಚ್ಚಿದಳು. ಅವರು ಮುಖ ಗಂಟಿಕ್ಕಲಿಲ್ಲ, ಬ್ಯಾಂಡೇಜ್ ಸುತ್ತಿಕೊಂಡು ಬಂದು ಮತ್ತೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಆದರೆ ಉಳಿದ ಮಕ್ಕಳು ಹೆದರಿದ್ದಾರೆ. ಸದ್ಯಕ್ಕೆ ಅರ್ಧ ದಿನ ಮಾತ್ರ ಕಳಿಸಿ ಎಂದು ದೊಡ್ಡ ಟೀಚರ್ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದು ಪುಟಾಣಿ ಶಾಲೆ, ಇರುವುದೇ ನಾಲ್ಕು ಕೋಣೆ. ಒಂದು ಮಗು ಕಿರುಚಿದರೆ ಅಷ್ಟೂ ಕೋಣೆಗಳ ಮಕ್ಕಳು ಕಿವಿ ಮುಚ್ಚುತ್ತಾರೆ. ಅವರನ್ನು ದೂರುವ ಹಾಗಿಲ್ಲ.

ನಿಮ್ಮಪ್ಪನ ಸುದ್ದಿ ಕೇಳಬೇಡ. ರಜೆಯ ದಿನ ಬಸ್ಸು ಹತ್ತಿ ಎಲ್ಲೆಲ್ಲೋ ಹೋಗಿ ಬರುತ್ತಾರೆ. ಬಂದು ಊಟ ಬೇಡ ಅನ್ನುತ್ತಾರೆ.

ಪದಗಳು ಹಳೆಯವೇ. ನೀರು, ಹಸಿವು, ಬೇಡ, ಸಾಕು, ಅಮ್ಮ, ಅಪ್ಪ ಬಾ, ಅಕ್ಕ, ಉಯ್ಯಾಲೆ, ಲೈಟ್ ಆರಿಸಿ. ಅವಳು ದೊಡ್ಡವಳಾಗಿದ್ದಾಳೆ, ಅದಕ್ಕೆ ಹೊಸದು ಎರಡು ಸೇರಿಸಬೇಕಂತೆ: ‘ಮುಟ್ಬೇಡಿ’ ಮತ್ತು ‘ಒಬ್ಬಳೇ ಇರ್ತೀನಿ’. ಈಗಲೇ ಯಾಕೆ, ಇವನ್ನು ಯಾರ ಮುಂದೆ ಹೇಳಬೇಕು ಅವಳು ಅಂದೆ. ಬೇಕಾದ ದಿನ ಕಲಿಸಿದ್ರೆ ಪದ ಕೆಲಸಕ್ಕೆ ಬರಲ್ಲಮ್ಮ ಅಂದರು ಟೀಚರ್. ಹಲ್ಲು ಕೀಳಿಸುವ ಮೊದಲು ಎಷ್ಟೋ ದಿನ ಚಮಚ, ಟಾರ್ಚು ಹಿಡಿದು ಡಾಕ್ಟರ್ ಆಟ ಆಡಿಸಿ ‘ನೋವು’ ಕಲಿಸಿದ್ದರಲ್ಲ, ಹಾಗೆ. ಅಂದು ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ನೋವು ನೋವು ಎಂದು ಒತ್ತಿದಳು, ಡಾಕ್ಟರು ಕೈ ಹಿಂದೆ ತೆಗೆದರು. ನೀನೇ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದೆ. ಹೊರಗೆ ಬಂದು, ನೋವಾದದ್ದು ಅವಳಿಗೆ, ಕೂಗಿದ್ದು ನಾನು ಎಂದು ತಮಾಷೆ ಮಾಡಿದ್ದೆ. ಆ ‘ನೋವು’ ಕೂಡ ಹೇಳು, ಮರೆತಿದ್ದೆ.

ಸಿಹಿ ಬೆರೆಸಬೇಡ, ನನ್ನ ತಪ್ಪು ಮಾಡಬೇಡ. ಹಿಂದೆ ಹೇಗೆ ಹೇಳಿದ್ದೆಯೋ ಹಾಗೆ, ಅವಸರದಲ್ಲಿ, ಅರ್ಧ ಉಡಾಫೆಯಲ್ಲಿ ಹೇಳು. ‘ಸಾಕು’ ಅನ್ನುವಾಗ ನಗು ಬಂದರೆ ನಗು. ಬರದಿದ್ದರೆ ಏನು ಮಾಡಬೇಕೋ ನನಗೆ ತಿಳಿಯದು. ಸೀನಿಸಿ ಕಳಿಸೋಣ ಅಂದರೆ ನಿಮ್ಮಪ್ಪನಿಗೆ ಈಗ ಸೀನು ಕೂಡ ಬರುತ್ತಿಲ್ಲ.

ಇನ್ನೊಂದು ಮಾತು. ಇದನ್ನು ಕಾಗದದಲ್ಲೇ ಹೇಳಬೇಕು. ಅಂದು ಊಟದ ಮೇಜಿನ ಮೇಲೆ ನಿಮ್ಮಪ್ಪ ಆ ಪತ್ರ ತಂದಿಟ್ಟು, ನಮ್ಮ ಕಾಲ ಆದಮೇಲೆ ಪುಟ್ಟಿ ಜವಾಬ್ದಾರಿ ನಿಂದು, ಸೈನ್ ಹಾಕು ಅಂದರು. ನಿನ್ನನ್ನು ಒಂದು ಮಾತು ಕೇಳಿರಲಿಲ್ಲ. ನೀನು ಆಗಲ್ಲ ಅಂದೆ. ಹಾಗಾದ್ರೆ ಈ ಮನೇಲಿ ನಿಂಗೇನು ಕೆಲಸ ಎಂದು ಅವರು ಅಂದದ್ದು ತಪ್ಪು. ನೀನು ಚೀಲ ತುಂಬುವಾಗ ಪುಟ್ಟಿ ನಿನ್ನ ಹಿಂದೆ ಹಿಂದೆಯೇ ಸುತ್ತುತ್ತ ‘ಅಕ್ಕ, ಅಕ್ಕ’ ಎಂದು ಒತ್ತುತ್ತಿದ್ದಳು. ನಿನ್ನ ದನಿಯೇ ನಿನ್ನನ್ನು ಕರೆಯುತ್ತಿತ್ತು. ಅದನ್ನು ಕೇಳಿಯೂ ನೀನು ಹೋದೆಯಲ್ಲ ಎಂದು ನಾನು ಬಹಳ ದಿನ ಹಲ್ಲು ಕಡಿದೆ. ಈಗ ಇಲ್ಲ. ನಿನಗೂ ಒಂದು ಬದುಕಿದೆ. ನೀನು ಇರುವುದು ಒಂದೇ ಕೋಣೆ, ನಿಲ್ಲುವುದು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ. ಅವಳನ್ನು ನೀನು ನೋಡಿಕೋ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಇದು ನನ್ನ ಮಾತು. ಎಡಗೈಯಲ್ಲಿ ಬರೆದೆ ಎಂದು ಹಗುರ ಮಾಡಬೇಡ.

ದನಿ ಮಾತ್ರ ಕಳಿಸು. ಬೇಗ ಕಳಿಸು. ಸರಿಯಾಗಿ ತಿನ್ನು, ಕಣ್ಣಿನ ಕೆಳಗೆ ಕಪ್ಪು ಮಾಡಿಕೊಂಡು ಬೇರೆಯವರಿಗೆ ಕನ್ನಡಕ ಮಾರಬೇಡ.

ಬೈಯುವುದಕ್ಕೆ ಎದುರಿಗೆ ನೀನಿಲ್ಲದೆ ಸೊರಗಿರುವ
ನಿನ್ನ ಅಮ್ಮ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನಿಂದ ಮರೆಮಾಚಿದ್ದನ್ನು ಹೇಳುತ್ತೇನೆ. ನಾನು ಬಚ್ಚಲಲ್ಲಿ ಜಾರಲಿಲ್ಲ. ಪುಟ್ಟಿ ಏನೋ ಕೇಳಬೇಕಾಗಿತ್ತು, ಹೊಸ ಪೆಟ್ಟಿಗೆ ತಾನೇ ತಗೊಂಡು ಒತ್ತಿದಳು, ನನ್ನ ದನಿ ಬಂದದ್ದೇ ಅದನ್ನು ಎಸೆದಳು. ತಡೆಯಲು ಹೋದೆ. ಅವಳಿಗೆ ಈಗ ನನಗಿಂತ ಬಲ ಹೆಚ್ಚು. ಕೈ ಲಟಕ್ಕೆಂದದ್ದು ಅವಳಿಗೂ ಕೇಳಿಸಿತು. ಆಮೇಲೆ ಬಂದು, ಮುರಿದ ಆ ಕೈಯನ್ನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಕಿರುಚಿದೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡಿದರು.

ಅವರು ಬಸ್ಸು ಹತ್ತಿ ಹೋಗುತ್ತಿದ್ದದ್ದು ಪುಟ್ಟಿಯಂಥವರನ್ನು ಇಟ್ಟುಕೊಳ್ಳುವ ಹಾಸ್ಟೆಲ್ ಹುಡುಕಲು. ಒಂದು ಕಡೆ ಅವಳ ಹೆಸರು ಬರೆಸಿದ್ದಾರೆ. ಚೊಕ್ಕಟವಾಗಿದೆ ಅಂದರು. ಕಿಟಕಿಗಳು ಮೇಲಿವೆ ಅಂದರು. ಪೆಟ್ಟಿಗೆ ಗಿಟ್ಟಿಗೆ ಒಳಗೆ ಬಿಡುವುದಿಲ್ಲವಂತೆ, ಕಳೆದುಹೋಗುತ್ತದಂತೆ. ಶಾಲೆಗೆ ರಜೆ ಬಿಟ್ಟ ತಕ್ಷಣ ಕರೆದುಕೊಂಡು ಹೋಗುತ್ತಾರೆ. ನಿನ್ನ ದನಿ ಬಂದರೆ ಅವಳು ತಣ್ಣಗಾಗುತ್ತಾಳೆ, ಅವರ ಮನಸ್ಸೂ ಕರಗುತ್ತದೆ ಎಂದು ನಾನು ಆಸೆಪಟ್ಟಿದ್ದೇನೆ. ಖಾತ್ರಿ ಏನೂ ಇಲ್ಲ.

ಹೊಸ ಪೆಟ್ಟಿಗೆಯ ಕೆಳಗಿನ ಸಾಲಿನಲ್ಲಿ ಒಂದು ಚೌಕ ಖಾಲಿ ಇದೆ. ಎಲ್ಲಿಗೆ ಹೋಗುವುದು ಎಂದು ಈಗಿನಿಂದಲೇ ಅವಳಿಗೆ ಕಲಿಸಬೇಕು ಎಂದು ಟೀಚರ್ ಹೇಳಿದರು, ಕಣ್ಣು ಒರೆಸಿಕೊಂಡೇ ಹೇಳಿದರು. ‘ಹಾಸ್ಟೆಲ್’ ಅಂತ ಹಾಕಿ ಅಂದರು ನಿಮ್ಮಪ್ಪ. ಯಾರ ದನಿಯಲ್ಲಿ ಎಂದು ಕೇಳಿದರೆ ಎದ್ದು ಹೊರಗೆ ಹೋದರು. ನಾನು ಹೇಳಿ ನೋಡಿದೆ, ಅರ್ಧಕ್ಕೇ ಗುಂಡಿಯಿಂದ ಬೆರಳು ತೆಗೆದೆ. ನಮ್ಮ ದನಿ ಅವಳು ಕೇಳುವುದೂ ಇಲ್ಲ. ನಿನ್ನ ದನಿ ಹೇಳಿದರೆ ಪುಟ್ಟಿ ಎದುರಾಡದೆ ವ್ಯಾನ್ ಹತ್ತುತ್ತಾಳೆ. ಆದ್ದರಿಂದ ಅದನ್ನೂ ನೀನೇ ಹೇಳಬೇಕು, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ.

ಆ ಚೌಕಕ್ಕೆ ಬೇರೆ ಪದ ಹೇಳು ಎಂದು ನಾನು ಕೇಳುತ್ತಿಲ್ಲ. ‘ಅಕ್ಕನ ಮನೆ’ ಅಂತ ಹೇಳು ಎಂದು ಕೇಳುತ್ತಿಲ್ಲ. ಕೇಳುವುದಿಲ್ಲ ಎಂದು ಮೇಲೆ ಮಾತು ಕೊಟ್ಟಿದ್ದೇನೆ. ಅಲ್ಲಿ ಯಾವ ಚಿತ್ರ ಅಂಟಿಸಬೇಕು ಎಂದು ಟೀಚರ್ ಕಾಯುತ್ತಿದ್ದಾರೆ.