ಐದರ ಗೆರೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಇವತ್ತಿಗೆ ಮೂರನೇ ಸಲ ಥರ್ಮಾಮೀಟರ್ ಇಟ್ಟೆ. 98.8. ಸಿಂಧುಗೆ ಜ್ವರ ಇಲ್ಲ. ಆದರೂ ಕೈ ಬಿಸಿ ಅನ್ನಿಸುತ್ತೆ. ಅವಳ ಕೈಯೋ ನನ್ನ ಕೈಯೋ ಗೊತ್ತಾಗುವುದಿಲ್ಲ. ಅತ್ತೆ ನಗುತ್ತಾರೆ. "ಆ ಕಡ್ಡಿ ಮಗೀನ್ ಕಂಕ್ಳಲ್ಲೇ ಬೇರು ಬುಟ್ಟಾತು, ತೆಗಿಯೇ" ಅಂದರು.

ಆಶಾ ಕಾರ್ಯಕರ್ತೆ ಶಾಂತಕುಮಾರಿ ಅಕ್ಕ ಬಂದಿದ್ದರು. ತೂಕ ಹನ್ನೆರಡೂವರೆ ಕೆಜಿ. ಮೂರು ವರ್ಷಕ್ಕೆ ಪರವಾಗಿಲ್ಲ ಅಂದರು. ಪರವಾಗಿಲ್ಲ ಅಂದರೆ ಸಾಕೋ, ಸಾಲದೋ... ಕೇಳಲಿಲ್ಲ. ಜ್ವರದ ಸಿರಪ್ಪನ್ನು ಚಮಚದಲ್ಲಿ ಕೊಡಬೇಡ, ಒಂದೊಂದು ಮನೆ ಚಮಚ ಒಂದೊಂದು ಅಳತೆ, ಬಾಟಲಿ ಮೇಲೆ ಬರುವ ಪ್ಲಾಸ್ಟಿಕ್ ಕಪ್ಪಿನಲ್ಲೇ ಅಳೆದು ಕೊಡು ಅಂದರು. ಸಿಂಧುಗೆ ಐದು ಎಂಎಲ್.

ಆ ಕಪ್ಪಿನ ಗೆರೆ ಯಾರಿಗೆ ಕಾಣಬೇಕು? ಬಿಳಿ ಮೇಲೆ ಬಿಳಿ. ನಾನು ಓದಿದ್ದು ಎಂಟನೇ ಕ್ಲಾಸು, ಅದೂ ಅರ್ಧ. ಎರಡೂವರೆ ಯಾವುದು, ಐದು ಯಾವುದು ಅಂತ ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತೆ. ಕೊನೆಗೆ ಐದರ ಗೆರೆ ಇರುವಲ್ಲಿ ಹೊರಗಡೆಯಿಂದ ಕೆಂಪು ನೈಲ್ ಪಾಲಿಶ್ ಎಳೆದೆ. ಈಗ ಆ ಮೂಲೆಯಿಂದಲೂ ಕಾಣುತ್ತೆ. ಸಮಾಧಾನ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಇವರು ತೆಂಗಿಗೆ ಔಷಧಿ ಕಟ್ಟುತ್ತಿದ್ದಾರೆ. ಕಪ್ಪುತಲೆ ಹುಳ ಬಿದ್ದು ಗರಿಯೆಲ್ಲ ಸುಟ್ಟ ಹಾಗಾಗಿದೆ. ಬುಡದ ಹತ್ತಿರ ಅಗೆದು, ಎಳೇ ಬೇರು ಹುಡುಕಿ, ಓರೆಯಾಗಿ ಕೊಯ್ದು, ಅದರ ತುದಿಗೆ ಔಷಧಿ ತುಂಬಿದ ಕವರು ಕಟ್ಟುವುದು. ಮರವೇ ಕುಡಿದುಕೊಳ್ಳುತ್ತೆ. ಒಂದು ಮರಕ್ಕೆ ಹತ್ತು ಎಂಎಲ್ ಔಷಧಿ, ಹತ್ತು ಎಂಎಲ್ ನೀರು.

ಅಂದಾಜಿಗೆ ಸುರಿಯಬೇಡಿ ಅಂದೆ. ಅಳತೆಗೆ ಏನಾದರೂ ಕೊಡು ಮತ್ತೆ ಅಂದರು. ಹಳೇ ಕೆಮ್ಮಿನ ಸಿರಪ್ಪಿನ ಕಪ್ಪು ಕಿಟಕಿಯಲ್ಲಿ ಬಿದ್ದಿತ್ತು. ಕೊಟ್ಟೆ. ಕೆಲಸ ಆದ ಮೇಲೆ ಎಸೆದುಬಿಡಿ ಅಂದೆ.

ಬಾಗಿಲು ಕಿಟಕಿ ಎಲ್ಲ ಹಾಕಿದ್ದೇನೆ. ಸಿಂಧು ಒಳಗೇ. ಇವರು ಬಂದರೆ ತೊಟ್ಟಿ ಹತ್ತಿರವೇ ಸ್ನಾನ, ಬಟ್ಟೆ ಬೇರೆ ಬಕೆಟ್ಟಿಗೆ. ಒಂದೂವರೆ ತಿಂಗಳು ಆ ಮರಗಳ ಎಳನೀರು ಮುಟ್ಟಬಾರದು ಅಂತ ಅತ್ತೆಗೆ ಮೂರು ಸಲ ಹೇಳಿದೆ. "ಹುಳಿನ್ ಕಾಟಕ್ಕಿಂತ ನಿನ್ ಕಾಟವೇ ಜಾಸ್ತಿ ಆಯ್ತು ಕಣೇ" ಅಂದರು ಇವರು. ಅನ್ನಲಿ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 9.20

102.4. ಈ ಸಲ ನಿಜವಾದ ಜ್ವರ. ಇವರು ತೋಟದಲ್ಲಿ. ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾರೆ.

ಸಿರಪ್ಪಿನ ಕಪ್ಪು ತೆಗೆದರೆ ಕೆಂಪು ಗೆರೆ ಇಲ್ಲ. ಅರ್ಧ ಅಳಿಸಿದೆ, ಉಳಿದಿದ್ದು ಅಂಟಂಟಾಗಿ ಹರಡಿದೆ. ಸಿಂಧುವೇ ಕೆರೆದಿರಬೇಕು. ನನ್ನ ಉಗುರಿನದ್ದೂ ಹೀಗೇ ಕೆರೆಯುತ್ತಾಳೆ. ಆದರೂ ಅಂದಾಜಿಗೆ ಕೊಡಲಿಲ್ಲ. ಮತ್ತೆ ಗೆರೆ ಎಳೆದು, ಊದಿ ಆರಿಸಿ, ಗೆರೆಗೆ ಸರಿಯಾಗಿ ಸುರಿದೆ. ಮುಖ ಹಿಂಡಿದಳು. ಮೂಗು ಹಿಡಿದು ಕುಡಿಸಿದೆ. ಒಂದು ತೊಟ್ಟೂ ಬಿಡಲಿಲ್ಲ.

9.50 — ಬೆವರುತ್ತಿದ್ದಾಳೆ. ಜ್ವರ ಬಿಡುತ್ತಿದೆ.

10.05 — ಜೊಲ್ಲು ಯಾಕೆ ಇಷ್ಟು

ಮಾರ್ಚ್ 15, ಶನಿವಾರ. ತುಮಕೂರು, ಆಸ್ಪತ್ರೆ ಬೆಂಚು

ಈ ಪುಸ್ತಕ ಇವರು ಮನೆಯಿಂದ ತಂದರು. ಎಷ್ಟು ಹೊತ್ತಿಗೆ ಏನು ಕೊಟ್ಟೆ ಅಂತ ಬರೆದಿದ್ದರೆ ತನ್ನಿ ಅಂತ ಡಾಕ್ಟರು ಕೇಳಿದ್ದರು. ನೋಡಿ ವಾಪಸ್ ಕೊಟ್ಟರು.

ಬುಧವಾರದ್ದು ಬರೆಯಬೇಕು. ವಾಂತಿ. ಬಟ್ಟೆಯಲ್ಲೇ ಎಲ್ಲ. ಕೈಕಾಲು ಬಿದ್ದುಹೋದವು. ಪಕ್ಕದ ಮನೆ ಇಮ್ದಾದ್ ಅಣ್ಣನ ಕಾರಿನಲ್ಲಿ ತಿಪಟೂರು ಆಸ್ಪತ್ರೆಗೆ. ಅಲ್ಲಿನ ಡಾಕ್ಟರಮ್ಮ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಕಣ್ಣಿನ ಪಾಪೆ ಸಾಸಿವೆಯಷ್ಟು ಆಗಿತ್ತು. ಜ್ವರದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ತೋಟಕ್ಕೆ ಏನು ಹಾಕಿದ್ರಿ?" ಅಂದರು. ಕಿಟಕಿ ಹಾಕಿದ್ದೆ ಡಾಕ್ಟ್ರೇ ಅಂದೆ. ಅದನ್ನೇ ಹೇಳುತ್ತಾ ಇದ್ದೆನಂತೆ. ಕಿಟಕಿ ಹಾಕಿದ್ದೆ, ಕಿಟಕಿ ಹಾಕಿದ್ದೆ. ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು.

ಅತ್ತೆಯೇ ಆ ಮರದ ಎಳನೀರು ಕೊಟ್ಟಿದ್ದಾರೆ ಅಂದುಕೊಂಡೆ. ಇಲ್ಲೇ, ಎಲ್ಲರ ಮುಂದೆ ಅಂದೆ. ಮಗು ಕೊಂದಿರಿ ಅಂದೆ. ನನ್ನ ಬಾಯಿಯೇ ಅದು? "ಕೊಟ್ಟಿಲ್ಲ ಕಣವ್ವ" ಅಂದರು, ಅಷ್ಟೇ. ಗೋಡೆ ಪಕ್ಕ ನೆಲದ ಮೇಲೆ ಕೂತವರು ಎರಡು ದಿನ ಏಳಲಿಲ್ಲ.

ಇವತ್ತು ಡಾಕ್ಟರು ಸಿರಪ್ ಬಾಟಲಿ ನೋಡಬೇಕು ಅಂದರು. ಇವರು ಕವರಿನಿಂದ ತೆಗೆದು ಮೇಜಿನ ಮೇಲಿಟ್ಟರು. ಈ ಕಪ್ಪು ಬೇರೆ ಯಾವುದಕ್ಕಾದರೂ ಬಳಸಿದ್ದೀರಾ ಅಂತ ಕೇಳಿದರು. ಇಲ್ಲ ಸಾರ್ ಅಂತ ನಾನು ಅನ್ನುತ್ತಲೇ ಇದ್ದೆ. ಇವರು ಕೆಂಪು ಗೆರೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಕೊಟ್ಟ ಹಳೇ ಕಪ್ನಲ್ಲಿ ಗೆರೆ ಕಾಣ್ತಿರ್ಲಿಲ್ಲ ಕಣೇ. ಅದ್ಕೆ ಇದ್ನ ತಗಂಡೋದೆ, ಇದ್ರಲ್ಲಿ ಕೆಂಪುಗೆ ಕಾಣ್ತು. ಎರಡು ಸಲ ಹುಯ್ದ್ರೆ ಹತ್ತು ಆಯ್ತಿತ್ತು... ಒದ್ರಿ ಬಾಟ್ಲಿ ಮೇಲೆ ಇಟ್ಟೆ. ನೀನು ಹೆಂಗಿದ್ರೂ ತೊಳೀತೀಯ ಅನ್ಕಂಡೆ."

ತೊಳೆಯುತ್ತೇನೆ. ಒಂದು ಸಲವೂ ಬಿಟ್ಟಿಲ್ಲ. ಕುಡಿಸಿದ ಮೇಲೆ.

ಕೆಂಪು ಕರಗಿದ್ದು ಆ ಔಷಧಿಗೆ. ಮಗು ಕೆರೆದಿದ್ದಲ್ಲ. ಅದರ ಮೇಲೆ ನಾನು ಮತ್ತೆ ಗೆರೆ ಎಳೆದೆ. ಊದಿ ಆರಿಸಿದೆ.

ಮಗುವಿನ ಬಾಯಲ್ಲಿ ಪೈಪು. ಇನ್ನೂ ಏನೂ ಹೇಳಕ್ಕಾಗಲ್ಲ ಅಂದರು.

ಮಾರ್ಚ್ 17, ಸೋಮವಾರ

ಪೈಪು ತೆಗೆದರು. ಉಸಿರು ಅವಳದೇ. ಗಂಟಲು ಕಟ್ಟಿದೆ. ಕಣ್ಣು ಬಿಟ್ಟು "ಅಜ್ಜಿ" ಅಂದಳು.

ಅಜ್ಜಿಯನ್ನು ಕರೆಯಲು ನಾನೇ ಹೊರಗೆ ಹೋದೆ. ಮುಖ ನೋಡಲಾಗಲಿಲ್ಲ. ಸೆರಗು ಹಿಡಿದು ಎಳೆದೆ.

ಮಾರ್ಚ್ 26, ಬುಧವಾರ. ಮಧ್ಯಾಹ್ನ

ಮನೆಗೆ ಬಂದು ನಾಲ್ಕು ದಿನ. ಸಿಂಧು ಗೋಡೆ ಹಿಡಿದು ನಡೆಯುತ್ತಾಳೆ. ಇವರು ಊಟಕ್ಕೆ ಕೂತು ಎದ್ದುಹೋಗುತ್ತಾರೆ.

ಬೆಳಿಗ್ಗೆ ಶಾಂತಕುಮಾರಿ ಅಕ್ಕ ಬಂದು ಜಗಲಿ ಮೇಲೆ ಒಂದು ಕವರು ಸುರಿದರು. ನಾಲ್ಕು ಕಪ್ಪು. ಊರಲ್ಲಿ ಈ ಸಲ ಬೇರಿಗೆ ಔಷಧಿ ಕಟ್ಟಿದ್ದು ಹನ್ನೊಂದು ಮನೆ. ಮನೆ ಮನೆಗೆ ಹೋಗಿ ಅಳತೆ ಯಾವುದರಲ್ಲಿ ಅಂತ ಕೇಳಿದ್ದಾರೆ. ನಾಲ್ಕು ಮನೆಯಲ್ಲಿ ಮಕ್ಕಳ ಸಿರಪ್ಪಿನ ಕಪ್ಪು. ಒಂದು ಇನ್ನೂ ಬಾಟಲಿ ಮೇಲೇ ಇತ್ತಂತೆ. ಆ ಮನೆಯ ಕೂಸಿಗೆ ಏಳು ತಿಂಗಳು.

ನಾಲ್ಕನ್ನೂ ನೋಡುತ್ತಾ ಕೂತೆ.

ಶುಕ್ರವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಬಂದು ಹೇಳು ಅಂದರು ಅಕ್ಕ. ನಾನು ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಇವಳೇ ಅಂತೆ... ಆಗಲ್ಲ ಅಂದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ನಾನೂ ಬತ್ತೀನಿ, ನಡಿ" ಅಂದರು. ತುಮಕೂರಿನಿಂದ ಬಂದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು.

2.15

ಟಾನಿಕ್ ಹೊತ್ತು. ಡಾಕ್ಟರು ಬರೆದುಕೊಟ್ಟಿದ್ದು. ದಿನಕ್ಕೆ ಎರಡು ಸಲ, ಐದು ಎಂಎಲ್. ಇಷ್ಟು ದಿನ ಅತ್ತೆಯೇ ಕುಡಿಸಿದರು. ಇವತ್ತು ಬೇಕಂತಲೇ ತೋಟಕ್ಕೆ ಹೋಗಿದ್ದಾರೆ.

ಕಪ್ಪು ಹೊಸದು. ನಾಲ್ಕು ಸಲ ತೊಳೆದೆ. ಮೂಸಿದೆ. ನಾಲಿಗೆಗೆ ಹಚ್ಚಿ ನೋಡಿದೆ. ಬಿಳಿ ಗೆರೆಗೇ ಹಾಕಿದೆ. ಎತ್ತಿದೆ. ಮತ್ತೆ ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಸಿಂಧು ಎದುರಿಗೇ ಕೂತಿದ್ದಾಳೆ. ಇದೇ ಕೈ ಅಂತ ಅವಳಿಗೆ ಗೊತ್ತಿಲ್ಲ. ಯಾವಾಗಿನ ಹಾಗೇ "ಆ" ಅಂತ ಬಾಯಿ ತೆಗೆದು, ನನ್ನನ್ನೇ ನೋಡುತ್ತಾ, ಇನ್ನೂ ಹಾಗೇ